ಕರಿಯ ಕುದುರೆಯ ಜಾಡಿನಲ್ಲಿ: ಮುಂಬಯಿಯಲ್ಲಿ ಎರಡು ದಿನದ ನಡಿಗೆ

ಮೊದಲ ದಿನ, ಬುಧವಾರ

ವಿಜಯಪುರದಿಂದ ಹೊರಟ ರಾತ್ರಿ ಬಸ್ಸು ಬೆಳಗಿನ ಹೊತ್ತಿಗೆ ಸಾಯನ್ನಿನಲ್ಲಿ ನನ್ನನ್ನು ಇಳಿಸಿದಾಗ ಆಷಾಢದ ಮಳೆ ಆಗಷ್ಟೇ ನಿಂತು, ಮೇಲ್ಸೇತುವೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕನ ಮಗಳ ಮನೆ ಮಾಟುಂಗದಲ್ಲಿದೆ. ಅವಳು ಎರಡು ವರ್ಷಗಳಿಂದ ಕರೆಯುತ್ತಿದ್ದಳು. ಶಾಲೆಯಿಂದ ನಿವೃತ್ತಳಾದ ಮೇಲೂ ಒಂದಲ್ಲ ಒಂದು ನೆಪ ಹೇಳಿ ಮುಂದೂಡುತ್ತಲೇ ಬಂದಿದ್ದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವಳಿಗೆ ಮುಂಬಯಿಯಲ್ಲಿ ನೋಡಬೇಕಾದದ್ದು ಏನೆಂಬುದು ಮೊದಲೇ ನಿಶ್ಚಯವಾಗಿತ್ತು: ನಮ್ಮ ಸೀಮೆಯಿಂದ ಬಂದು ಈ ಊರಿನಲ್ಲಿ ನೆಲೆಸಿರುವ ಕಲ್ಲುಗಳು ಮತ್ತು ಜಾಗ ಬದಲಿಸಿದ ಕೆಲವು ವಿಗ್ರಹಗಳು. ಸಮುದ್ರ, ಸಿನಿಮಾ ನಟರ ಮನೆ ಇವೆಲ್ಲ ಇನ್ನೊಮ್ಮೆ ಬಂದಾಗ ನೋಡಿದರಾಯಿತು ಎಂದುಕೊಂಡೆ.

ನೆಂಟರ ಮನೆಯಲ್ಲಿ ಬೆಳಗಿನ ಗಡಿಬಿಡಿಗೆ ಅಡ್ಡ ಬರಬಾರದೆಂದು ಚಹಾ ಕುಡಿದವಳೇ ಹೊರಬಿದ್ದು ಮಾಟುಂಗ ನಿಲ್ದಾಣದ ಬಳಿಯ ಹೂವಿನ ಅಂಗಡಿಗಳ ಸಾಲಿನಲ್ಲಿ ಒಂದು ಸುತ್ತು ಹಾಕಿದೆ. ಮಲ್ಲಿಗೆ, ಅಬ್ಬಲಿಗೆ, ತುಳಸಿ ಮಾಲೆ, ಬಾಳೆ ಎಲೆಯ ಸುರುಳಿ, ವೀಳ್ಯದೆಲೆ ಎಲ್ಲವೂ ಅಲ್ಲಿದ್ದವು. ಅಂಗಡಿಯವನು ತಮಿಳಿನಲ್ಲಿ ಎಣಿಸಿ, ಮರಾಠಿಯಲ್ಲಿ ದರ ಹೇಳಿ, ಚಿಲ್ಲರೆ ಕೊಡುವಾಗ ನನ್ನ ಮುಖ ನೋಡಿ ಕನ್ನಡಕ್ಕೆ ಇಳಿದ. ಒಂದು ಮೊಳ ಮಲ್ಲಿಗೆ ಕೊಂಡು ಮುಡಿದೆ. ಉಳಿದದ್ದನ್ನು ಊರಿಗೆ ಹೊರಡುವ ದಿನ ಕೊಳ್ಳುವೆನೆಂದು ಹೇಳಿ ಬಂದೆ.

ಹತ್ತೂವರೆಯವರೆಗೆ ಲೋಕಲ್ ರೈಲಿನ ಕಡೆ ತಲೆ ಹಾಕಬಾರದೆಂಬುದು ಮಗಳ ಕಟ್ಟಪ್ಪಣೆ. ಅದನ್ನು ಪಾಲಿಸಿದ್ದರಿಂದ ಮಹಿಳೆಯರ ಡಬ್ಬಿಯಲ್ಲಿ ಕಿಟಕಿಯ ಪಕ್ಕದ ಜಾಗವೇ ಸಿಕ್ಕಿತು. ಮಾಟುಂಗದಲ್ಲಿ ನಿಧಾನದ ಗಾಡಿಗಳು ಮಾತ್ರ ನಿಲ್ಲುತ್ತವೆ. ಅಲ್ಲಿಂದ ಐದನೆಯ ನಿಲ್ದಾಣ ಭಾಯಖಳಾ. ಹಳೆಯ ಕಲ್ಲಿನ ಕಟ್ಟಡವನ್ನು ಒಪ್ಪವಾಗಿ ದುರಸ್ತಿ ಮಾಡಿರುವ ಈ ನಿಲ್ದಾಣಕ್ಕೆ 2022ರಲ್ಲಿ ಯುನೆಸ್ಕೋ ಮನ್ನಣೆಯೂ ಸಿಕ್ಕಿದೆ. ಪೂರ್ವದ ಬಾಗಿಲಿನಿಂದ ಹೊರಬಿದ್ದು, ಕೆಸರು ದಾಟಿ, ಹತ್ತು ನಿಮಿಷ ನಡೆದು ರಾಣಿಬಾಗ್ ಎಂಬ ಹಳೆಯ ಉದ್ಯಾನದ ದ್ವಾರ ತಲುಪಿದರೆ ಅದು ಮುಚ್ಚಿತ್ತು. ಒಳಗಿನಿಂದ ಕಾವಲಿನವನು ಒಂದೇ ಮಾತಿನಲ್ಲಿ ಮುಗಿಸಿದ: "ಬುಧವಾರ."

ಫೋನು ಹಚ್ಚಿದರೆ ಮಗಳು ನಕ್ಕಳು. "ಮೌಶಿ, ಬುಧವಾರ ರಾಣಿಬಾಗೂ ಬಂದ್, ಮ್ಯೂಸಿಯಮ್ಮೂ ಬಂದ್. ನನಗ ಒಂದ್ ಮಾತು ಕೇಳಿದ್ರ ಏನಾಗ್ತಿತ್ತು?" ಕೇಳಿದ್ದರೆ ಏನೂ ಆಗುತ್ತಿರಲಿಲ್ಲ, ಆದರೆ ಕೇಳುವ ಸ್ವಭಾವ ನನ್ನದಲ್ಲ. ತಿರುಗಿ ನಿಲ್ದಾಣಕ್ಕೆ ಬಂದು, ಮುಂದಿನ ಗಾಡಿಯಲ್ಲಿ ಕೊನೆಯ ನಿಲ್ದಾಣದವರೆಗೂ ಹೋದೆ. ಮರುದಿನದ ಯೋಜನೆ ಇಂದಿಗೆ ಬಂತು, ಇಂದಿನದು ಮರುದಿನಕ್ಕೆ ಹೋಯಿತು. ಮುಂದೆ ನೋಡಿದರೆ ಅದೇ ಒಳ್ಳೆಯದಾಯಿತು; ಕಥೆಯನ್ನು ಸರಿಯಾದ ಕ್ರಮದಲ್ಲಿ ನೋಡಿದಂತಾಯಿತು.

ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಎದುರು ನಿಂತು ತಲೆಯೆತ್ತಿದವರು ಯಾರೂ ಬೇಗ ತಲೆ ಇಳಿಸುವುದಿಲ್ಲ. ಎಫ್. ಡಬ್ಲ್ಯು. ಸ್ಟೀವನ್ಸ್ ರೂಪಿಸಿದ, 1878ರಿಂದ 1888ರವರೆಗೆ ಹತ್ತು ವರ್ಷ ಕಟ್ಟಿದ ಆ ಕಟ್ಟಡದ ಬಗ್ಗೆ ಬರೆದವರು ಬಹಳ ಮಂದಿಯಿದ್ದಾರೆ. ನನಗೆ ಬೇಕಾಗಿದ್ದದ್ದು ಅದರ ಮಗ್ಗುಲಲ್ಲಿರುವ ಪ್ರಧಾನ ಅಂಚೆ ಕಚೇರಿ. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ ನಮ್ಮ ಗೋಲಗುಮ್ಮಟದ ಮಾದರಿ ಹಿಡಿದು ಮಾಡಿದ ಈ ಕಟ್ಟಡ 1913ರಲ್ಲಿ ಮುಗಿಯಿತು. ವಿಜಯಪುರ ಅಂದು ಮುಂಬಯಿ ಪ್ರಾಂತದ ಜಿಲ್ಲೆ. ಸರ್ಕಾರಿ ವಾಸ್ತುಶಿಲ್ಪಿಗಳ ಕಣ್ಣಿಗೆ ಆದಿಲಶಾಹಿ ಗುಮ್ಮಟಗಳು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. 1656ರಲ್ಲಿ ಪೂರ್ಣಗೊಂಡ ಮುಹಮ್ಮದ್ ಆದಿಲಶಾಹನ ಸಮಾಧಿ ಇಲ್ಲಿ ಪತ್ರ ತೂಗುವ ಜಾಗವಾಗಿದೆ. ಒಳಗೆ ಗುಮ್ಮಟದ ಕೆಳಗಿನ ದೊಡ್ಡ ಹಜಾರದಲ್ಲಿ ನಿಂತು, ಬಾಲ್ಯದಿಂದ ಅಂಟಿದ ಚಟ ಬಿಡಲಾರದೆ, ಯಾರೂ ಗಮನಿಸುತ್ತಿಲ್ಲವೆಂದು ಖಚಿತಪಡಿಸಿಕೊಂಡು ಸಣ್ಣದಾಗಿ ಒಮ್ಮೆ ಕೆಮ್ಮಿದೆ. ಏಳು ಸಲ ಮರುದನಿ ಕೊಡುವುದು ನಮ್ಮೂರಿನದು. ಇಲ್ಲಿ ಠಸ್ಸೆ ಒತ್ತುವ ಸದ್ದಿನಲ್ಲಿ ನನ್ನ ಕೆಮ್ಮು ಕರಗಿಹೋಗಿ, ಸರದಿಯಲ್ಲಿದ್ದ ಹಿರಿಯರೊಬ್ಬರು ಮಾತ್ರ ಮೂಗಿಗೆ ಕರವಸ್ತ್ರ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ನಾಲ್ಕು ಕಾರ್ಡು ಕೊಂಡು, ನಿವೃತ್ತರಾದ ನಾಲ್ವರು ಗೆಳತಿಯರಿಗೆ ಅಲ್ಲಿಯೇ ಬರೆದು ಹಾಕಿದೆ.

ಅಲ್ಲಿಂದ ದಕ್ಷಿಣಕ್ಕೆ ನಡೆಯತೊಡಗಿದಾಗ ಮಳೆ ಮತ್ತೆ ಹಿಡಿಯಿತು. ರಸ್ತೆಬದಿಯಲ್ಲಿ ಇನ್ನೂರು ರೂಪಾಯಿಗೆ ಒಂದು ಛತ್ರಿ ಕೊಂಡೆ. ಅದರ ಕಥೆ ಮುಂದೆ ಬರುತ್ತದೆ. ಹಾರ್ನಿಮನ್ ವೃತ್ತದ ಉದ್ಯಾನ ದೊಡ್ಡದೇನಲ್ಲ. ಸುತ್ತ ಒಂದೇ ಎತ್ತರದ, ಕಮಾನು ಮೊಗಸಾಲೆಯ ಹಳೆಯ ಕಟ್ಟಡಗಳು ಬಳೆಯಂತೆ ಬಾಗಿ ನಿಂತಿವೆ. ಹಿಂದೆ ಎಲ್ಫಿನ್‌ಸ್ಟನ್ ವೃತ್ತವೆಂದು ಕರೆಯುತ್ತಿದ್ದ ಈ ಜಾಗಕ್ಕೆ ಸ್ವಾತಂತ್ರ್ಯಾನಂತರ ಬೆಂಜಮಿನ್ ಹಾರ್ನಿಮನ್ನನ ಹೆಸರಿಟ್ಟರು. 'ಬಾಂಬೆ ಕ್ರಾನಿಕಲ್' ಪತ್ರಿಕೆಯ ಸಂಪಾದಕನಾಗಿದ್ದ ಆತ ಪಂಜಾಬಿನ ದೌರ್ಜನ್ಯದ ಸುದ್ದಿ ಹೊರಗೆಡಹಿದ್ದಕ್ಕಾಗಿ 1919ರಲ್ಲಿ ಆಂಗ್ಲ ಸರ್ಕಾರವೇ ಅವನನ್ನು ಗಡೀಪಾರು ಮಾಡಿತು. ಒಬ್ಬ ಗವರ್ನರನ ಹೆಸರು ಒರೆಸಿ ಅದೇ ಸರ್ಕಾರ ಹೊರಗಟ್ಟಿದ ಪತ್ರಕರ್ತನ ಹೆಸರು ಬರೆದದ್ದು ನನಗೆ ಬಹಳ ಹಿಡಿಸಿದ ಸಂಗತಿ. ಎದುರಿಗೆ 1833ರ ಟೌನ್ ಹಾಲು. ಅದರ ಮೂವತ್ತು ಮೆಟ್ಟಿಲುಗಳನ್ನು ಮಂಡಿನೋವಿನವರು ಮೇಲಿನಿಂದ ಎಣಿಸದೆ ಕೆಳಗಿನಿಂದಲೇ ಎಣಿಸಿಕೊಂಡು ಹತ್ತುವುದು ಲೇಸು. ಮೇಲೆ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯವಿದೆ. ಡಾಂಟೆಯ ಮಹಾಕಾವ್ಯದ ಹಳೆಯ ಹಸ್ತಪ್ರತಿಯೊಂದು ಇದರ ಸಂಗ್ರಹದಲ್ಲಿರುವುದು ಪ್ರಸಿದ್ಧವೇ. ನಾನು ಕಂಬದ ಮರೆಯಲ್ಲಿ ಕುಳಿತು ಚಪ್ಪಲಿಯೊಳಗಿನ ನೀರು ಚೆಲ್ಲಿದೆ.

ಊಟಕ್ಕೆ ಒಳಗಿನ ಓಣಿಯೊಂದರ ಉಡುಪಿ ಹೋಟೆಲು ಹೊಕ್ಕೆ. ಮಧ್ಯಾಹ್ನ ಅಲ್ಲಿ 'ರೈಸ್ ಪ್ಲೇಟ್' ಬಿಟ್ಟು ಬೇರೆ ಮಾತಿಲ್ಲ. ಸಾಂಬಾರು ಮುಂಬಯಿಯ ನಾಲಿಗೆಗೆ ತಕ್ಕಂತೆ ಸಿಹಿಯಾಗಿತ್ತು. ಜೋಳದ ರೊಟ್ಟಿ, ಶೇಂಗಾ ಹಿಂಡಿಯವಳಾದ ನಾನು ಅದನ್ನು ಮಜ್ಜಿಗೆಯ ಮೆಣಸಿನಕಾಯಿಯ ಬಲದಿಂದ ಮುಗಿಸಿದೆ. ಗಲ್ಲೆಯ ಮೇಲೆ ಕುಳಿತ ಹಿರಿಯರು ನನ್ನ ಮಾತಿನ ಎರಡನೆಯ ಶಬ್ದಕ್ಕೇ ಊರು ಹಿಡಿದರು. "ನೀವು ಬಿಜಾಪುರದ ಕಡೆಯವರಲ್ವಾ ಅಮ್ಮ? ನಮ್ಮದು ಕಾರ್ಕಳ ಮಾರಾಯ್ರೆ." ಹದಿಮೂರನೆಯ ವಯಸ್ಸಿನಲ್ಲಿ ಬಂದು, ಹಗಲು ಟೇಬಲ್ಲು ಒರೆಸಿ, ರಾತ್ರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿ ಪಾಸಾದದ್ದನ್ನು ಅವರು ಚಿಲ್ಲರೆ ಎಣಿಸುತ್ತಲೇ ಹೇಳಿದರು. "ಪರೀಕ್ಷೆಯ ದಿನ ಮಾಲಕರು ಒಂದು ಮಸಾಲೆ ದೋಸೆ ಕೊಟ್ಟಿದ್ರು. ಅದುವರೆಗೆ ನಾನು ದೋಸೆ ಕೊಂಡು ಹೋಗಿ ಕೊಟ್ಟದ್ದೇ, ಕೂತು ತಿಂದದ್ದಿಲ್ಲ." ಟೀಚರಾಗಿದ್ದೆನೆಂದು ಹೇಳಿದ ಮೇಲೆ ಕಾಫಿಗೆ ಹಣ ತೆಗೆದುಕೊಳ್ಳಲಿಲ್ಲ. ಊಟದ ಹಣವನ್ನು ಸರಿಯಾಗಿಯೇ ತೆಗೆದುಕೊಂಡರು. ವ್ಯಾಪಾರ ಅಂದರೆ ಹಾಗೆಯೇ ಇರಬೇಕು.

ಫಿರೋಜ್‌ಶಾ ಮೆಹ್ತಾ ರಸ್ತೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಸ್ಟ್ರಾಂಡ್ ಬುಕ್ ಸ್ಟಾಲ್ ಇದ್ದದ್ದು ಇದೇ ರಸ್ತೆಗೆ ಹೊಂದಿಕೊಂಡ ಓಣಿಯಲ್ಲಿ. ಟಿ. ಎನ್. ಶಾನಭಾಗರು 1948ರಲ್ಲಿ ಸ್ಟ್ರಾಂಡ್ ಚಿತ್ರಮಂದಿರದ ಮೂಲೆಯೊಂದರಲ್ಲಿ ಆರಂಭಿಸಿದ ಆ ಅಂಗಡಿ, ಎಲ್ಲ ಪುಸ್ತಕಕ್ಕೂ ರಿಯಾಯಿತಿ ಕೊಡುತ್ತಿದ್ದ ಆ ಅಂಗಡಿ, 2018ರಲ್ಲಿ ಮುಚ್ಚಿತು. ತರಬೇತಿಗೆಂದು ಬಂದಿದ್ದ ಚಿಕ್ಕ ವಯಸ್ಸಿನಲ್ಲಿ ಅಲ್ಲಿ ಒಂದು ಭೂಪಟದ ಪುಸ್ತಕ ಕೊಂಡಿದ್ದೆ. ಮೂವತ್ತು ವರ್ಷ ತರಗತಿಯಲ್ಲಿ ಉಪಯೋಗಿಸಿ ಅದರ ಬೆನ್ನು ಹರಿದಿದೆ. ಪುಸ್ತಕದ ಹಸಿವಿಗೆ ಈಗ ಫ್ಲೋರಾ ಫೌಂಟನ್ನಿನ ಆಚೆಯ ಕಾಲುಹಾದಿಯೇ ಗತಿ. ಮಳೆಗಾಲದಲ್ಲಿ ಅಲ್ಲಿ ಪುಸ್ತಕದ ಗೋಪುರಗಳಿಗೆ ನೀಲಿ ತಾಡಪಾಲು ಹೊದಿಸಿರುತ್ತಾರೆ. ಬೇಕಾದ ಪುಸ್ತಕದ ಹೆಸರು ಹೇಳಿದರೆ ವ್ಯಾಪಾರಿ ತಾಡಪಾಲಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ಕಣ್ಣಿನಿಂದ ನೋಡದೆಯೇ, ತಡವಿ ಹೊರಗೆಳೆಯುತ್ತಾನೆ. ಮೊದಲು ಹೇಳಿದ ಬೆಲೆಯ ಅರ್ಧದಿಂದ ನಾನು ಮಾತು ಶುರುಮಾಡಿ ಮುಕ್ಕಾಲಿಗೆ ಬಂದು ಮುಟ್ಟಿದೆ. 1864ರ ಕಾರಂಜಿಯ ಪಕ್ಕದಲ್ಲೇ, ಮರಾಠಿ ಮಾತಿನ ಸೀಮೆಗಳೆಲ್ಲ ಒಂದೇ ರಾಜ್ಯವಾಗಬೇಕೆಂದು ನಡೆದ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಹುತಾತ್ಮರ ಸ್ಮಾರಕವಿದೆ. ಗಡಿಯ ಕಡೆಯಿಂದ ಬಂದವಳು ಅದರ ಮುಂದೆ ಏನನ್ನು ಯೋಚಿಸಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ. ಗುಂಡೇಟಿಗೆ ಬಲಿಯಾದವರಿಗೆ ಕೈ ಮುಗಿದು ಮುಂದೆ ನಡೆದೆ.

ಕಾಲಾ ಘೋಡಾ ತಲುಪುವ ಹೊತ್ತಿಗೆ ಸಮುದ್ರದ ಕಡೆಯಿಂದ ಬಂದ ಒಂದೇ ಒಂದು ಗಾಳಿಗೆ ಇನ್ನೂರು ರೂಪಾಯಿಯ ಛತ್ರಿ ತಿರುವಿಕೊಂಡು ಕಮಲದಂತೆ ಅರಳಿತು. ಹಿಂದಕ್ಕೆ ಮಡಚಲು ಹೋದರೆ ಎರಡು ಕಡ್ಡಿ ಕೈಗೇ ಬಂದವು. ಮುಂಬಯಿಯ ಮಳೆಗೆ ಛತ್ರಿಯನ್ನು ಮನೆಯಿಂದಲೇ ತರಬೇಕು, ಅದೂ ಮರದ ಹಿಡಿಯದ್ದನ್ನು. ನಾನು ಓಡಿ ಜಹಾಂಗೀರ್ ಆರ್ಟ್ ಗ್ಯಾಲರಿ ಸೇರಿದೆ. ಒಳಗೆ ಹೋಗಲು ಟಿಕೆಟ್ಟು ಬೇಕಿಲ್ಲ. ತೊಯ್ದವರನ್ನೂ ಯಾರೂ ತಡೆಯುವುದಿಲ್ಲ. 1952ರಲ್ಲಿ ಈ ಗ್ಯಾಲರಿ ತೆರೆಯುವಂತೆ ಸರ್ ಕಾವಸಜಿ ಜಹಾಂಗೀರರನ್ನು ಒತ್ತಾಯಿಸಿದವರಲ್ಲಿ ಹೋಮಿ ಭಾಭಾ ಅವರೊಂದಿಗೆ ನಮ್ಮ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರೂ ಇದ್ದರು. ಅವರ ಹೆಸರನ್ನು ನೆನೆದು ಸೆರಗು ಹಿಂಡಿಕೊಂಡೆ.

ಹತ್ತಿರದಲ್ಲೇ ಕರಿಯ ಕುದುರೆ ಇದೆ. ಸವಾರನಿಲ್ಲ. ಮೊದಲಿಲ್ಲಿ ಇದ್ದದ್ದು ಯುವರಾಜ ಎಡ್ವರ್ಡನನ್ನು ಹೊತ್ತ ಕುದುರೆ. 1875–76ರ ಅವನ ಭೇಟಿಯ ನೆನಪಿಗೆ ಆಲ್ಬರ್ಟ್ ಸಸೂನ್ ಮಾಡಿಸಿಕೊಟ್ಟದ್ದು. ಜನ ರಾಜನ ಹೆಸರನ್ನು ಬಿಟ್ಟು ಕುದುರೆಯ ಬಣ್ಣವನ್ನು ಹಿಡಿದು ಇಡೀ ಪ್ರದೇಶವನ್ನು ಕಾಲಾ ಘೋಡಾ ಎಂದರು. 1965ರಲ್ಲಿ ವಿಗ್ರಹವನ್ನು ತೆಗೆದ ಮೇಲೂ ಹೆಸರು ಕದಲಲಿಲ್ಲ. ಅರ್ಧ ಶತಮಾನ ಕುದುರೆಯಿಲ್ಲದೆ ಉಳಿದ ಹೆಸರಿಗೆ 2017ರಲ್ಲಿ ಹೊಸ ಕುದುರೆಯನ್ನೇ ಮಾಡಿ ನಿಲ್ಲಿಸಿದ್ದಾರೆ. ಮಳೆಯಲ್ಲಿ ತೊಯ್ದು ಅದು ಇನ್ನಷ್ಟು ಕರಿಯದಾಗಿತ್ತು.

ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಕನಿಷ್ಠ ಮೂರು ಗಂಟೆ ಬೇಕು. ಸಂಜೆ ಆರಕ್ಕೆ ಮುಚ್ಚುವುದರಿಂದ ನನ್ನ ಹಾಗೆ ಮೂರರ ಮೇಲೆ ಹೋಗಬಾರದು. ಜಾರ್ಜ್ ವಿಟೆಟ್ ರೂಪಿಸಿದ ಈ ಕಟ್ಟಡಕ್ಕೆ 1905ರಲ್ಲಿ ಅಡಿಗಲ್ಲು ಬಿದ್ದಿತು. ಕಟ್ಟಿ ಮುಗಿದದ್ದು 1914ರಲ್ಲಿ. ಮಹಾಯುದ್ಧ ಬಂದು ಸೈನಿಕರ ಆಸ್ಪತ್ರೆಯಾಗಿ, ಕೊನೆಗೆ 1922ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಹೊರಗಿನ ಗುಮ್ಮಟಕ್ಕೆ ಗೋಲ್ಕೊಂಡ ಮಾದರಿಯಾದರೆ ಒಳಗಿನ ಕಮಾನುಗಳಿಗೆ ಮತ್ತೆ ನಮ್ಮ ಗೋಲಗುಮ್ಮಟವೇ. ಒಂದೇ ದಿನ ಎರಡು ಸಲ ತವರಿನವರು ಎದುರಾದಂತಾಯಿತು.

ಆದರೆ ನಾನು ಬಂದದ್ದು ಐಹೊಳೆಯ ಕಲ್ಲಿಗಾಗಿ. ಹುಚ್ಚಪ್ಪಯ್ಯನ ಗುಡಿಯ ಚಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಫಲಕಗಳು ಇಲ್ಲಿನ ಶಿಲ್ಪ ವಿಭಾಗದಲ್ಲಿವೆ. ಪ್ರತಿವರ್ಷ ಮಕ್ಕಳನ್ನು ಐಹೊಳೆಗೆ ಕರೆದುಕೊಂಡು ಹೋಗಿ, ಆ ಗುಡಿಯ ಬಳಿ ನಿಲ್ಲಿಸಿ, "ಇಲ್ಲಿದ್ದ ದೇವರು ಮುಂಬಯಿಗೆ ಹೋಗ್ಯಾರ" ಎಂದು ಹೇಳುತ್ತಿದ್ದೆ, "ಯಾವಾಗ ಬರ್ತಾರ್ರೀ ಟೀಚರ್?" ಎಂದು ಒಬ್ಬ ಹುಡುಗ ಕೇಳಿದ್ದ. ಚಾಲುಕ್ಯರ ಶಿಲ್ಪಿ ಇವುಗಳನ್ನು ತಲೆಯ ಮೇಲಿರಲೆಂದು ಕೆತ್ತಿದವನು. ಕೆಳಗೆ ನಿಂತು ಕತ್ತು ನೋಯಿಸಿಕೊಂಡು ನೋಡಬೇಕಾದ ಕಲ್ಲುಗಳು ಇಲ್ಲಿ ಕಣ್ಣಿನ ಮಟ್ಟದಲ್ಲಿವೆ. ಹಾಗಾಗಿ ಚಾವಣಿಯಲ್ಲಿದ್ದಾಗ ಯಾರಿಗೂ ಕಾಣದಿದ್ದದ್ದೆಲ್ಲ ಇಲ್ಲಿ ಕಾಣುತ್ತದೆ: ಬ್ರಹ್ಮನ ಸುತ್ತ ನೆರೆದ ಋಷಿಗಳ ಜಟೆಯ ಗೆರೆಗಳು, ಶೇಷನ ಸುರುಳಿಗಳ ಉಬ್ಬು, ಉಳಿಯ ಸಣ್ಣ ಗುರುತುಗಳು. ಹತ್ತು ಹೆಜ್ಜೆಯಾಚೆ ನಿಂತಿದ್ದ ಕಾವಲಿನ ಹೆಣ್ಣುಮಗಳು ನಾನು ಅರ್ಧ ಗಂಟೆ ಕದಲದ್ದನ್ನು ಕಂಡು ಕುರ್ಚಿ ತಂದಿಟ್ಟಳು. ನನ್ನ ಊರು ಕೇಳಿ, "ತುಮ್ಚೇ ಗಾವ್ಚೇ ದೇವ್" ಎಂದಳು, ನಿಮ್ಮೂರಿನ ದೇವರು ಎಂದು. ಹೌದೆಂದೆ. ಕಲ್ಲುಗಳು ಇಲ್ಲಿ ಸುರಕ್ಷಿತವಾಗಿವೆ, ಒಪ್ಪವಾಗಿವೆ. ಆದರೂ ಆ ಹುಡುಗನಿಗೆ ಅಂದು ಕೊಡದ ಉತ್ತರ ಇಂದಿಗೂ ನನ್ನ ಬಳಿ ಇರಲಿಲ್ಲ.

ಎರಡನೆಯ ದಿನ, ಗುರುವಾರ

ಮಗಳ ಮನೆಯ ಮರದ ಹಿಡಿಯ ಛತ್ರಿಯೊಂದಿಗೆ ಮತ್ತೆ ಭಾಯಖಳಾ. ಕಾವಲಿನವನು ಗುರುತು ಹಿಡಿದು ನಕ್ಕ. ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನವೆಂಬ ದೊಡ್ಡ ಹೆಸರು ಬೋರ್ಡಿನ ಮೇಲಿದೆ. 1860ರ ದಶಕದ ಆರಂಭದಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಮಾಡಿದ ತೋಟವಾದ್ದರಿಂದ ಜನರ ಬಾಯಲ್ಲಿ ಇಂದಿಗೂ ರಾಣಿಬಾಗೇ. ಮಕ್ಕಳೊಂದಿಗೆ ಬಂದವರೆಲ್ಲ 2017ರಿಂದ ಇಲ್ಲಿ ಪ್ರದರ್ಶನಕ್ಕಿರುವ ಪೆಂಗ್ವಿನ್ನುಗಳ ಕಡೆ ನುಗ್ಗುತ್ತಾರೆ. ಅಷ್ಟು ಹೊತ್ತು ಮರಗಳ ದಾರಿ ಖಾಲಿ. ಆನೆಯ ಕಾಲಿನಂಥ ಬೊಡ್ಡೆಯ ಗೋರಖ ಚಿಂಚ್ ಮರವನ್ನು ನಮ್ಮ ಸೀಮೆಯವರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ಸವಣೂರಿನ ದೊಡ್ಡಹುಣಸೆಯ ಬಳಗವೇ ಅದು. ನಾಗಲಿಂಗದ ಮರದ ಕೆಳಗೆ ಉದುರಿದ ಹೂವೊಂದನ್ನು ಎತ್ತಿ ಮೂಸಿದೆ. ಮಳೆಯ ನೀರು ತುಂಬಿ ಭಾರವಾಗಿತ್ತು, ಪರಿಮಳಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಪಕ್ಕದ ಡಾ. ಭಾವು ದಾಜಿ ಲಾಡ್ ಸಂಗ್ರಹಾಲಯ 1872ರಲ್ಲಿ ತೆರೆದದ್ದು. ಒಳಗೆ ಹಸಿರು, ಚಿನ್ನದ ಬಣ್ಣ, ಎರಕದ ಕಬ್ಬಿಣದ ಕಟಕಟೆ. ಹಳೆಯ ಸಿರಿವಂತರ ಮದುವೆ ಮನೆಯಂತಿದೆ. ಚಿಕ್ಕ ಚಿಕ್ಕ ಮಣ್ಣಿನ ಗೊಂಬೆಗಳಲ್ಲಿ ಹಳೆಯ ಮುಂಬಯಿಯ ಜನ, ಅವರ ಕಸುಬು, ರುಮಾಲಿನ ಬಗೆಗಳು. ಒಂದು ರುಮಾಲಿಗೂ ಇನ್ನೊಂದಕ್ಕೂ ಸುತ್ತಿನ ವ್ಯತ್ಯಾಸವನ್ನು ಮಾಡಿದವನು ಬೆರಳಿನ ತುದಿಯಲ್ಲಿ ತೋರಿಸಿದ್ದಾನೆ. ಭಾವು ದಾಜಿ ವೈದ್ಯರು, ಶಾಸನ ಓದಿದವರು, ಈ ಸಂಗ್ರಹಾಲಯಕ್ಕಾಗಿ ಹಣ ಕೂಡಿಸಿದವರು, 1874ರಲ್ಲಿ ತೀರಿಕೊಂಡರು. ಕಟ್ಟಡಕ್ಕೆ ಅವರ ಹೆಸರು ಬರಲು 1975ರವರೆಗೆ ಕಾಯಬೇಕಾಯಿತು.

ಹೊರಗಿನ ಹುಲ್ಲಿನ ಮೇಲೆ ನಾನು ಹುಡುಕಿ ಬಂದ ಆನೆ ನಿಂತಿದೆ. ಘಾರಾಪುರಿ ದ್ವೀಪಕ್ಕೆ ಎಲಿಫೆಂಟಾ ಎಂದು ಪೋರ್ಚುಗೀಸರು ಹೆಸರಿಡಲು ಕಾರಣವಾದ ಕಲ್ಲಾನೆ ಇದೇ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲೆಂದು ಎತ್ತುವಾಗ ಯಂತ್ರ ಮುರಿದು, ಆನೆ ಬಿದ್ದು ಚೂರಾಯಿತು. ಚೂರುಗಳು ಈ ತೋಟಕ್ಕೆ ಬಂದವು. 1914ರಲ್ಲಿ ಅವುಗಳನ್ನು ಜೋಡಿಸಿ ನಿಲ್ಲಿಸಿದರು. ಹತ್ತಿರ ಹೋಗಿ ನೋಡಿದರೆ ಬೆಸುಗೆಯ ಗೆರೆಗಳು ಮೈತುಂಬ ಹರಿದಾಡುತ್ತವೆ, ಹಳೆಯ ಕೌದಿಯ ಹೊಲಿಗೆಯ ಹಾಗೆ. ಒಂದು ಗೆರೆಯಲ್ಲಿ ಪಾಚಿ ಬೆಳೆದು, ಅದರೊಳಗೆ ಇರುವೆಗಳು ಸಾಲುಹಿಡಿದು ಹೋಗುತ್ತಿದ್ದವು. ಹೋಗಲಾರೆನೆಂದು ಬಿದ್ದು ಮುರಿದುಕೊಂಡ ಆನೆಯ ಮೇಲೆ ನನಗೆ ವಿಶೇಷ ಪ್ರೀತಿ ಹುಟ್ಟಿತು.

ತೋಟದಲ್ಲೇ ಮುಂದೆ ಹುಡುಕಿದಾಗ ನಿಜವಾದ ಕಾಲಾ ಘೋಡಾ ಸಿಕ್ಕಿತು. ಕಂಚಿನ ಕುದುರೆ, ಮೇಲೆ ಯುವರಾಜ ಎಡ್ವರ್ಡ್. ಅಲ್ಲಿ ಹೆಸರಿದೆ, ಕುದುರೆಗೆ ಸವಾರನಿಲ್ಲ. ಇಲ್ಲಿ ಸವಾರನಿರುವ ಕುದುರೆ, ಹೆಸರು ಕೇಳುವವರಿಲ್ಲ. ಯುವರಾಜನ ಟೋಪಿಯ ಮೇಲೆ ಕಾಗೆಯೊಂದು ರೆಕ್ಕೆ ಕೊಡವುತ್ತಿತ್ತು. ಶಾಲೆಯ ಹುಡುಗರಿಬ್ಬರು ಬಂದು, ಇವನು ಶಿವಾಜಿಯೋ ಅಲ್ಲವೋ ಎಂದು ವಾದ ಮಾಡಿ, ಕತ್ತಿಯನ್ನು ಎತ್ತಿ ಹಿಡಿದಿಲ್ಲವಾದ್ದರಿಂದ ಅಲ್ಲವೆಂದು ತೀರ್ಮಾನಿಸಿ ಪೆಂಗ್ವಿನ್ ನೋಡಲು ಓಡಿದರು.

ಊಟದ ಹೊತ್ತಿಗೆ ಮಾಟುಂಗಕ್ಕೆ ಮರಳಿ, ನಿಲ್ದಾಣದ ಎದುರಿನ ಮಹಡಿಯ ಮೇಲಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ ಹೋದೆ. 1942ರಿಂದ ನಡೆದಿರುವ ಜಾಗ. ಟೋಕನ್ ಹಿಡಿದು ಕಾಯಬೇಕು, ಬಾಳೆ ಎಲೆ ಬೇಕೆಂದು ಮೊದಲೇ ಹೇಳಬೇಕು, ಎಲೆಯಲ್ಲಿ ಬಿಡುವಂತಿಲ್ಲ. ಸಾರು ಸಾರಾಗಿಯೇ ಇತ್ತು. ಹಿಂದಿನ ದಿನದ ಸಿಹಿ ಸಾಂಬಾರಿನ ಮೇಲೆ ನನಗಿದ್ದ ಸಿಟ್ಟು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವಾಗ ಇಳಿಯಿತು.

ಸಂಜೆ ಬಸ್ಸಿನವರೆಗೆ ಹೊತ್ತಿತ್ತು. ಮೈಸೂರು ಅಸೋಸಿಯೇಷನ್ ಎಲ್ಲಿದೆಯೆಂದು ಕೇಳಿದಾಗ ದಾರಿ ತೋರಿಸಿದವರು "ಭಾವು ದಾಜಿ ರೋಡ್" ಎಂದರು. ಬೆಳಿಗ್ಗೆ ಸಂಗ್ರಹಾಲಯದಲ್ಲಿ ಕಂಡ ಅದೇ ಹೆಸರು. 1926ರಿಂದ ಮುಂಬಯಿ ಕನ್ನಡಿಗರನ್ನು ಕೂಡಿಸಿದ ಸಂಸ್ಥೆಯ ಬಾಗಿಲಿಗೆ ಅದೇ ವಿಳಾಸ. ಅಲ್ಲಿಂದ ದಾದರ್ ಪಾರ್ಸಿ ಕಾಲೊನಿಯ ಫೈವ್ ಗಾರ್ಡನ್ಸಿಗೆ ನಡೆದೇ ಹೋಗಬಹುದು. 1896ರ ಪ್ಲೇಗಿನ ನಂತರ ಕಿಕ್ಕಿರಿದ ನಗರವನ್ನು ಸಡಿಲಗೊಳಿಸಲು ಇಂಪ್ರೂವ್‌ಮೆಂಟ್ ಟ್ರಸ್ಟು ಅಗಲವಾದ ರಸ್ತೆ ಬಿಟ್ಟು ಮಾಡಿಸಿದ ಬಡಾವಣೆಗಳಿವು. ಮರಗಳೆಲ್ಲ ದೊಡ್ಡವಾಗಿ ಮಳೆ ನಿಂತ ಮೇಲೂ ಅವುಗಳ ಕೆಳಗೆ ಅರ್ಧ ಗಂಟೆ ಮಳೆ ಸುರಿಯುತ್ತದೆ. ಬೆಂಚಿನ ಮೇಲೆ ಕುಳಿತಿದ್ದ ಪಾರ್ಸಿ ಅಜ್ಜಿಯೊಬ್ಬರು ಪಕ್ಕದಲ್ಲಿ ಜಾಗ ಒರೆಸಿ ಕೊಟ್ಟು, ನನ್ನ ಛತ್ರಿಯನ್ನು ನೋಡಿ, ಒಳ್ಳೆಯ ಛತ್ರಿ, ರೈಲಿನಲ್ಲಿ ಮರೆಯಬೇಡ ಎಂದು ಹಿಂದಿಯಲ್ಲಿ ಎಚ್ಚರಿಸಿದರು.

ರೈಲಿನಲ್ಲಿ ಮರೆಯಲಿಲ್ಲ. ಹೂವಿನ ಅಂಗಡಿಯಲ್ಲಿ ಮರೆತೆ. ಹತ್ತು ಮೊಳ ಅಬ್ಬಲಿಗೆ ಕಟ್ಟಿಸಿ, ಬಾಳೆ ಎಲೆಯಲ್ಲಿ ಸುತ್ತಿಸಿ, ನೂಲು ಬಿಗಿಸಿ, ದುಡ್ಡು ಕೊಟ್ಟು ಹೊರಟವಳ ಹಿಂದೆ ಆ ಅಂಗಡಿಯವನು ಸಿಗ್ನಲ್ಲಿನವರೆಗೆ ಓಡಿಬಂದು "ಅಮ್ಮಾ, ಛತ್ರಿ" ಎಂದು ಕೊಟ್ಟುಹೋದ. ರಾತ್ರಿ ಬಸ್ಸಿನಲ್ಲಿ ಪೊಟ್ಟಣವನ್ನು ಕಿಟಕಿಯ ಸರಳಿಗೆ ಕಟ್ಟಿದ್ದೆ. ಸೊಲ್ಲಾಪುರ ದಾಟಿ ಬೆಳಗಾಗುವಾಗ ಬಿಚ್ಚಿ ನೋಡಿದರೆ ಎಲೆಯೊಳಗೆ ಇನ್ನೂ ನೀರಿತ್ತು. ಹೊರಗೆ ನಮ್ಮ ಕಡೆಯ ನೆಲ ಒಣಗಿತ್ತು.